ತಗಡಿನ ಬೇಲಿ ಯಾರದು

ಕೇಳದೇ ಬಂದ ಚಹಾದಲ್ಲಿ ಸಕ್ಕರೆ ಯಾವಾಗಲೂ ಒಂದು ಚಮಚ ಹೆಚ್ಚೇ ಇರುತ್ತದೆ. ಮುಖ್ಯ ಸಚೇತಕರ ಕೋಣೆಯಲ್ಲಿ ಮೊದಲ ಗುಟುಕು ಕುಡಿದ ಕೂಡಲೇ ಕಂಡಕ್ಟರಕ್ಕನಿಗೆ ಇದು ಖಾತ್ರಿಯಾಯಿತು. ಬಿಸ್ಕತ್ತಿನ ತಟ್ಟೆಯನ್ನೂ ತಾವೇ ಅವಳ ಮುಂದಕ್ಕೆ ಸರಿಸಿದ ಸಚೇತಕರು ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ತಿರುಗಿ ನೋಡಿದರು.

ಆಳುವ ಪಕ್ಷದ ಶಾಸಕರ ಮಂದೆ ಚದುರದ ಹಾಗೆ ಕಾಯುವುದು ಸಚೇತಕರ ಕೆಲಸ. ಅವಳೂ ಆ ಮಂದೆಯವಳೇ. ತಲೆಗೂದಲು ನೆರೆಯುವ ತನಕ ನಗರದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವಳು. ಜನ ಅವಳ ಮಾತು ಕೇಳುತ್ತಾರೆ ಎಂದು ಪಕ್ಷದವರೇ ಮನೆಗೆ ಬಂದು ಚುನಾವಣೆಗೆ ನಿಲ್ಲಿಸಿದ್ದರು. ಗೆದ್ದ ಮೇಲೆ ಅವಳು ಯಾರ ಮಾತು ಕೇಳುತ್ತಾಳೆ ಎಂದು ವಿಚಾರಿಸುವುದನ್ನು ಮರೆತಿದ್ದರು.

"ಅಕ್ಕಾ, ನಾಳೆ ಪ್ರಶ್ನೋತ್ತರದಲ್ಲಿ ನಿಮ್ಮ ಪ್ರಶ್ನೆ ಮೇಲುಗಡೇನೇ ಬಂದಿದೆ," ಎಂದರು ಸಚೇತಕರು.

"ಹೌದಂತೆ ಸಾರ್. ಚೀಟಿ ಎತ್ತಿದ್ರಂತೆ. ನನ್ನ ಅದೃಷ್ಟ."

"ಯಾರ ಅದೃಷ್ಟಾನೋ ಏನೋ. ಸಾರಿಗೆ ಮಂತ್ರಿಗಳಿಗೆ ಊಟ ಸೇರ್ತಿಲ್ಲ."

ಪ್ರಶ್ನೆ ಅಂಥ ದೊಡ್ಡದೇನಲ್ಲ. ನಗರದ ನಡುವೆ ಇರುವ ಹಳೇ ಬಸ್ ನಿಲ್ದಾಣವನ್ನು ಖಾಸಗಿ ಕಂಪನಿಯೊಂದಕ್ಕೆ ಅಂಗಡಿ ಸಮುಚ್ಚಯ ಕಟ್ಟಲು ಕೊಡಲಾಗಿದೆಯೇ? ಊರಾಚೆ ಹೊಸ ನಿಲ್ದಾಣ ಕಟ್ಟಲು ಖರ್ಚು ಮಾಡಿದ್ದು ಯಾರ ಹಣ, ಮತ್ತು ಅಲ್ಲಿಂದ ಆಸ್ಪತ್ರೆಗೆ ಬರುವವರು ಹೇಗೆ ಬರಬೇಕು? ಹಳೇ ನಿಲ್ದಾಣದ ಎದುರಿಗೇ ಹೆರಿಗೆ ಆಸ್ಪತ್ರೆ. ಬಸ್ಸಿಳಿದು ರಸ್ತೆ ದಾಟಿದರೆ ಮುಗಿಯಿತು. ಆದರೆ ಈಚೆಗೆ ಒಂದು ದಿನ ನಿಲ್ದಾಣದ ಅರ್ಧಕ್ಕೆ ತಗಡಿನ ಬೇಲಿ ಎದ್ದಿತ್ತು. ಒಳಗೆ ಬರಲು ಜಾಗವಿಲ್ಲದೆ ಬಸ್ಸುಗಳು ನಡುರಸ್ತೆಯಲ್ಲೇ ಜನರನ್ನು ಇಳಿಸತೊಡಗಿದವು. ತುಂಬು ಬಸುರಿಯೊಬ್ಬಳು ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಇಳಿಯುವಾಗ ಸ್ಕೂಟರೊಂದು ಅವಳ ಸೆರಗನ್ನು ಸವರಿಕೊಂಡು ಹೋದದ್ದನ್ನು ಕಂಡಕ್ಟರಕ್ಕ ಕಣ್ಣಾರೆ ಕಂಡಿದ್ದಳು. ಬೇಲಿ ಯಾರು ಹಾಕಿದ್ದು ಎಂದು ಅಲ್ಲಿದ್ದ ಕಾವಲುಗಾರನನ್ನು ಕೇಳಿದರೆ "ಮೇಲಿನೋರು" ಎಂದಿದ್ದ. ಮೇಲಿನವರನ್ನು ಕೇಳಿದರೆ "ಪರಿಶೀಲನೆಯಲ್ಲಿದೆ" ಎಂದಿದ್ದರು. ಬೇಲಿ ಎದ್ದು ನಿಂತ ಮೇಲೆ ಪರಿಶೀಲಿಸುವುದಕ್ಕೆ ಇನ್ನೇನು ಉಳಿದಿದೆ ಎಂದು ಅವಳಿಗೆ ಅರ್ಥವಾಗಿರಲಿಲ್ಲ.

"ಪ್ರಶ್ನೆ ವಾಪಸ್ ತಗೊಳ್ಳಿ ಅಂತ ನಾನು ಹೇಳಲ್ಲ," ಎಂದರು ಸಚೇತಕರು. "ಅಚ್ಚಾಗಿ ಎಲ್ಲರ ಕೈ ಸೇರಿದೆ. ಈಗ ತೆಗೆದ್ರೆ ವಿರೋಧ ಪಕ್ಷದೋರು ಕುಂಬಳಕಾಯಿ ಕಳ್ಳ ಅಂತ ಕೂಗ್ತಾರೆ."

"ಕೂಗಿದ್ರೆ ಕೂಗಲಿ. ನಾವು ಹೆಗಲು ಮುಟ್ಟಿ ನೋಡ್ಕೊಳ್ಳದಿದ್ರೆ ಆಯ್ತಲ್ಲ ಸಾರ್."

ಸಚೇತಕರು ನಕ್ಕರು. ಆ ನಗು ಹಲ್ಲಿನಿಂದ ಆಚೆ ಹೋಗಲಿಲ್ಲ. "ನೀವೇನೂ ಮಾಡೋದೇ ಬೇಡ ಅಕ್ಕಾ. ಸಭಾಧ್ಯಕ್ಷರು ನಿಮ್ಮನ್ನ ಕರೆಯೋ ಹೊತ್ತಿಗೆ ಕ್ಯಾಂಟೀನಿನಲ್ಲಿರಿ. ಹಸಿವು ಯಾರಿಗಾಗಲ್ಲ?"

ಸದನದ ಪದ್ಧತಿ ಅದು. ಕರೆದಾಗ ಸದಸ್ಯರು ತಮ್ಮ ಜಾಗದಲ್ಲಿ ಎದ್ದು ನಿಂತರೆ ಮಾತ್ರ ಪ್ರಶ್ನೆಗೆ ಜೀವ. ಜಾಗ ಖಾಲಿಯಿದ್ದರೆ ಪ್ರಶ್ನೆ ಸದ್ದಿಲ್ಲದೆ ಸಾಯುತ್ತದೆ. ಯಾರೂ ಕೊಂದ ಹಾಗೂ ಆಗುವುದಿಲ್ಲ.

"ಇನ್ನೊಂದು ಮಾತು," ಎಂದು ಸಚೇತಕರು ದನಿ ತಗ್ಗಿಸಿದರು. "ನಿಲ್ದಾಣದಲ್ಲಿ ನಿಮ್ಮ ತಮ್ಮನ ಟೀ ಅಂಗಡಿ ಇದೆಯಲ್ಲ, ಅವರಿಗೆ ಹೊಸ ಸಮುಚ್ಚಯದಲ್ಲಿ ಒಳ್ಳೇ ಕ್ಯಾಂಟೀನು ಸಿಗೋ ಹಾಗೆ ಮಾತಾಡಿದೀನಿ. ಮತ್ತೆ ಚುನಾವಣೆ ಹತ್ತಿರ ಬಂತು. ಟಿಕೆಟ್ ಹಂಚೋವಾಗ ಇಂಥದ್ದೆಲ್ಲ ಲೆಕ್ಕಕ್ಕೆ ಬರುತ್ತೆ. ನಾನು ಹೆದರಿಸ್ತಿಲ್ಲ, ನಿಮ್ಮ ತಮ್ಮನ ಹಾಗೆ ಹೇಳ್ತಿದೀನಿ."

"ಒಬ್ಬ ತಮ್ಮನ್ನ ಸಾಕಿದ್ದೇ ಸಾಕಾಗಿದೆ ಸಾರ್," ಎಂದು ಅವಳು ಲೋಟ ಕೆಳಗಿಟ್ಟಳು. ಚಹಾ ಅರ್ಧಕ್ಕರ್ಧ ಉಳಿದಿತ್ತು.

ಮನೆಗೆ ಬಂದಾಗ ಗಂಡ ಪಕ್ಕದ ಮನೆಯವರ ಮಿಕ್ಸಿಯನ್ನು ನೆಲದ ಮೇಲೆ ಬಿಚ್ಚಿ ಹರಡಿಕೊಂಡು ಕೂತಿದ್ದ. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ನಿವೃತ್ತಿಯಾದ ಮೇಲೆ ಬಸ್ಸು ಸಿಗದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುತ್ತಿದ್ದ. ತಮ್ಮ ಆಗಲೇ ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದ. ಸುದ್ದಿ ಅಕ್ಕನಿಗಿಂತ ಮುಂಚೆ ಬಸ್ಸು ಹತ್ತಿ ಬಂದಿತ್ತು.

"ಅಕ್ಕಾ, ನೀನು ಒಂದಿನ ಬಾಯಿ ಮುಚ್ಕೊಂಡಿದ್ರೆ ಆಕಾಶ ಕಳಚಿ ಬೀಳುತ್ತಾ?"

"ನೀನು ಹುಟ್ಟಿದಾಗಿನಿಂದ ಅದನ್ನೇ ಕೇಳ್ತಿದೀಯ. ಊಟ ಆಯ್ತಾ?"

"ಊಟದ ಮಾತೇ ಆಡ್ತಿರೋದು ನಾನು. ಬೇಲಿ ಹಾಕಿದಾಗಿನಿಂದ ಅಂಗಡಿ ಬೇಲಿ ಒಳಗೆ, ಗಿರಾಕಿ ಬೇಲಿ ಹೊರಗೆ. ಕೆಟ್ಲು ಹಿಡ್ಕೊಂಡು ಬಸ್ಸಿನ ಹಿಂದೆ ಓಡ್ತಿದೀನಿ. ಈಗ ಏಸಿ ಹಾಕಿರೋ ಕ್ಯಾಂಟೀನು ಕೊಡ್ತೀನಿ ಅಂತಿದಾರೆ. ನಿನ್ನ ಒಂದು ಪ್ರಶ್ನೆಗೆ ಅದನ್ನ ಬಲಿ ಕೊಡ್ಲಾ?"

ಅವಳು ಚಪ್ಪಲಿ ಬಿಟ್ಟು ಅವನ ಎದುರಿಗೆ ಕೂತಳು. "ಕೊಡ್ತೀನಿ ಅಂದೋರು ಯಾರು?"

"ಮೇಲಿನೋರು."

"ಆ ಮೇಲಿನೋರ ಮುಖ ನೀನು ನೋಡಿದೀಯಾ? ನಾನಂತೂ ಇವತ್ತಿನವರೆಗೂ ನೋಡಿಲ್ಲ. ಬೇಲಿ ಹಾಕಿದೋರೂ ಅವರೇ, ಕ್ಯಾಂಟೀನು ಕೊಡೋರೂ ಅವರೇ. ಕಿತ್ಕೊಳ್ಳೋವಾಗ ಮುಖ ತೋರಿಸದೋರು ಕೊಡೋವಾಗ ತೋರಿಸ್ತಾರಾ?"

"ಹಾಗಾದ್ರೆ ನನ್ನ ಗತಿ?"

"ಬಸ್ಸು ಬರೋ ಕಡೆ ಟೀ ಮಾರೋನು ನೀನು. ಬಸ್ಸೇ ಇಲ್ಲದ ಕಡೆ ಏಸಿ ಹಾಕ್ಕೊಂಡು ಏನು ಮಾಡ್ತೀಯ? ಅಲ್ಲಿಗೆ ಬರೋರು ಕಾರಲ್ಲಿ ಬರೋರು. ಅವರಿಗೆ ನಿನ್ನ ಟೀ ಹಿಡಿಸುತ್ತೇನೋ? ನನಗೇ ಹಿಡಿಸಲ್ಲ."

ಗಂಡ ಮಿಕ್ಸಿಯಿಂದ ತಲೆ ಎತ್ತದೆ, "ಅದೊಂದು ಮಾತು ಸತ್ಯ ಕಣಪ್ಪ," ಎಂದ.

"ಭಾವಾ, ನೀವೂ ಅವಳ ಕಡೆನೇ?"

"ನಾನು ಯಾವ ಕಡೇನೂ ಅಲ್ಲ. ನನ್ನ ಕಡೆ ಇದ್ದ ಒಂದು ಸ್ಕ್ರೂ ಕಾಣಿಸ್ತಿಲ್ಲ, ಅದರ ಮೇಲೆ ಕೂತಿದೀಯೇನೋ ನೋಡು."

ತಮ್ಮ ಎದ್ದು ನೋಡಿದ. ಇರಲಿಲ್ಲ. ಎದ್ದ ಮೇಲೆ ಮತ್ತೆ ಕೂರಲು ಮನಸ್ಸು ಬರಲಿಲ್ಲ. ಬಾಗಿಲ ಹತ್ತಿರ ನಿಂತು, "ನಾಳೆ ನೀನು ಕೇಳಿದ್ರೆ ನಾನು ನಿನ್ನ ತಮ್ಮ ಅಲ್ಲ," ಎಂದು ಹೇಳಿ ಹೋದ.

ಅವಳು ಎದ್ದು ಬಾಗಿಲು ಹಾಕಿಕೊಂಡಳು. ತಾಯಿ ತೀರಿಕೊಂಡಾಗ ಅವನು ಇನ್ನೂ ಮಾತು ಕಲಿಯುತ್ತಿದ್ದ ಮಗು. ಅವಳ ಸೊಂಟದ ಮೇಲೆ ಬೆಳೆದವನು.

"ರೀ, ಟಿಕೆಟ್ ಕೊಡಲ್ಲ ಅಂದ್ರು," ಎಂದಳು ಗಂಡನಿಗೆ.

"ಯಾರು?"

"ಪಕ್ಷದೋರು. ಮುಂದಿನ ಸಲಕ್ಕೆ."

ಗಂಡ ಮಿಕ್ಸಿಯನ್ನು ಪಕ್ಕಕ್ಕಿಟ್ಟ. "ಊರಿಗೆಲ್ಲ ಟಿಕೆಟ್ ಹರಿದು ಕೊಟ್ಟೋಳಿಗೆ ಅವರು ಟಿಕೆಟ್ ಕೊಡಲ್ವಂತೆ," ಎಂದು ಹೊಟ್ಟೆ ಕುಣಿಯುವಷ್ಟು ನಕ್ಕ. ನಗು ನಿಂತ ಮೇಲೆ ಮೆಲ್ಲಗೆ ಕೇಳಿದ, "ನಿನಗೆ ಬೇಕಾ?"

"ಬೇಕು," ಎಂದಳು ಅವಳು. ಸುಳ್ಳು ಹೇಳುವ ಜಾತಿಯವಳಲ್ಲ. "ಸದನ ಇಷ್ಟ ಆಗಿದೆ ನನಗೆ. ಕುರ್ಚಿ ಮೆತ್ತಗಿದೆ ಅಂತಲ್ಲ. ಅಲ್ಲಿ ಕೇಳಿದ್ರೆ ಉತ್ತರ ಕೊಡ್ಲೇಬೇಕು ಅವರು. ಹೊರಗಡೆ ಯಾರು ಕೊಡ್ತಾರೆ? ಆದ್ರೆ ಕೇಳದೇ ಇರೋದಕ್ಕೆ ಅಂತ ಅಲ್ಲಿ ಹೋಗಿ ಕೂತ್ಕೊಳ್ಳೋದಾದ್ರೆ, ಮನೇಲೇ ಕೂತ್ಕೊಬಹುದಲ್ಲ?"

ಮರುದಿನ ಬೆಳಿಗ್ಗೆ ಸದನದ ಬಾಗಿಲು ತೆಗೆಯುತ್ತಲೇ ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು. ಒಂದು ಚೀಟಿ ಬಂತು: ಮಂತ್ರಿಗಳು ತಮ್ಮ ಕೋಣೆಗೆ ಬರಹೇಳಿದ್ದಾರೆ. ಅವಳು ಕದಲಲಿಲ್ಲ. ಇನ್ನೊಂದು ಚೀಟಿ ಬಂತು: ಮನೆಯಿಂದ ತುರ್ತು ಫೋನ್ ಬಂದಿದೆ. ಮನೆಯಲ್ಲಿದ್ದ ಒಬ್ಬನೇ ಒಬ್ಬ ಮನುಷ್ಯ ಆ ದಿನ ಪ್ರೇಕ್ಷಕರ ಗ್ಯಾಲರಿಯಲ್ಲಿ ಬಂದು ಕೂತು ಕಾಲು ಅಲ್ಲಾಡಿಸುತ್ತಿದ್ದ. ಅವಳು ಗಂಡನನ್ನು ನೋಡಿದಳು, ಚೀಟಿ ಮಡಿಸಿ ಬ್ಲೌಸಿಗೆ ಸಿಕ್ಕಿಸಿಕೊಂಡಳು. ದೂರದ ಸಾಲಿನಲ್ಲಿ ಸಚೇತಕರು ಕೈಬೆರಳುಗಳನ್ನು ಬಾಯಿಗೆ ಒಯ್ದು ಊಟದ ಸನ್ನೆ ಮಾಡಿದರು. ಅವಳು ಹೊಟ್ಟೆ ಸವರಿಕೊಂಡು, ತುಂಬಿದೆ ಎಂದು ಸನ್ನೆಯಲ್ಲೇ ಹೇಳಿದಳು.

ಸಭಾಧ್ಯಕ್ಷರು ಕರೆದರು. ಅವಳು ಎದ್ದು ನಿಂತಳು. ಸಾರಿಗೆ ಮಂತ್ರಿಗಳೂ ಎದ್ದರು.

ಮಂತ್ರಿಗಳು ಒಳ್ಳೆಯ ಮಾತುಗಾರರು. ಇಲ್ಲದಿದ್ದರೆ ನೀರು, ಶಾಲೆ, ರಸ್ತೆ ಎಂದು ಖಾತೆಯಿಂದ ಖಾತೆಗೆ ಹಾರಿ ಸಾರಿಗೆಗೆ ಬಂದು ಕೂರುತ್ತಿರಲಿಲ್ಲ. ಕೈಯಲ್ಲಿ ದಪ್ಪ ಕಡತ ಹಿಡಿದು, "ಮಾನ್ಯ ಸಭಾಧ್ಯಕ್ಷರೇ, ಚಕ್ರದ ಆವಿಷ್ಕಾರ ಮಾನವ ಜನಾಂಗದ..." ಎಂದು ಶುರು ಮಾಡಿದರು. ಚಕ್ರದಿಂದ ಗಾಡಿಗೆ ಬಂದರು. ಗಾಡಿಯಿಂದ ರೈಲಿಗೆ ಹತ್ತಿದರು. ಸದನದ ಗಡಿಯಾರದ ಮುಳ್ಳು ಮೆಲ್ಲಗೆ ಮುಂದಕ್ಕೆ ಹೋಗುತ್ತಿತ್ತು. ಕಂಡಕ್ಟರಕ್ಕನಿಗೆ ತಡವಾಗಿ ಹೊಳೆಯಿತು: ಅವಳು ಕ್ಯಾಂಟೀನಿಗೆ ಹೋಗದಿದ್ದರೆ ಏನಂತೆ, ಮಂತ್ರಿಗಳೇ ಪ್ರಶ್ನೋತ್ತರದ ವೇಳೆಯನ್ನು ಪೂರ್ತಿ ತಿಂದು ತೇಗಲಿದ್ದಾರೆ. ವೇಳೆ ಮುಗಿದರೆ ಉಪಪ್ರಶ್ನೆ ಕೇಳುವ ಹಾಗಿಲ್ಲ. ಉಪಪ್ರಶ್ನೆ ಇಲ್ಲದಿದ್ದರೆ, ಅಚ್ಚು ಹಾಕಿಸಿದ "ಪರಿಶೀಲನೆಯಲ್ಲಿದೆ" ಎಂಬ ಉತ್ತರವೇ ಗತಿ.

ವಿರೋಧ ಪಕ್ಷದವರು ಕೂಗತೊಡಗಿದರು. ಅವರಲ್ಲಿ ಗಂಟಲಣ್ಣ ಎಂದು ಎಲ್ಲರೂ ಕರೆಯುವ ಒಬ್ಬರಿದ್ದರು. ಅವರಿಗೆ ಮೈಕು ಕೊಟ್ಟರೆ ಮೈಕಿಗೇ ಅವಮಾನ. "ಬಸ್ಸಿಗೆ ಬನ್ನಿ ಸ್ವಾಮಿ, ಬಸ್ಸಿಗೆ ಬನ್ನಿ!" ಎಂದು ಅವರು ಕೂಗಿದಷ್ಟೂ ಮಂತ್ರಿಗಳಿಗೆ ಅನುಕೂಲವೇ ಆಯಿತು. ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಹೇಳಿದ್ದನ್ನೇ ಮತ್ತೆ ಹೇಳಿದರು. ಸಭಾಧ್ಯಕ್ಷರು ಗಂಟೆ ಬಾರಿಸಿದರು. ಯಾರೂ ಕೂರಲಿಲ್ಲ. ನಿಂತವರು, ನೂಕುವವರು, ಎಲ್ಲರ ತಲೆಯ ಮೇಲೆ ಎಲ್ಲರ ಮಾತು. ಕಂಡಕ್ಟರಕ್ಕನಿಗೆ ತಾನು ಎಲ್ಲಿದ್ದೇನೆ ಎಂಬುದು ಒಂದು ಗಳಿಗೆ ಮರೆತೇಹೋಯಿತು. ಮುಂದೆ ಒಬ್ಬ ಮನುಷ್ಯ ಎಲ್ಲೂ ನಿಲ್ಲಿಸದೆ ಓಡಿಸುತ್ತಿದ್ದಾನೆ. ಇಳಿಯಬೇಕಾದವರು ಹಿಂದೆ ಕೂಗುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಬಸ್ಸು ನಿಲ್ಲಿಸಲು ಕಂಡಕ್ಟರ್ ಮಾಡಬೇಕಾದದ್ದು ಒಂದೇ. ಕೈ ತಾನಾಗಿ ಮೇಲಕ್ಕೆ ಹೋಯಿತು, ಹೊಟ್ಟೆಯ ಆಳದಿಂದ ದನಿ ಎದ್ದು ಬಂತು.

"ಹೋಲ್ಡಾನ್!"

ಮಂತ್ರಿಗಳು ಗಕ್ಕನೆ ನಿಂತರು. ನಿಂತದ್ದಷ್ಟೇ ಅಲ್ಲ, ಬ್ರೇಕ್ ಹಾಕಿದಾಗ ಪ್ರಯಾಣಿಕರು ಸೀಟಿಗೆ ಬೀಳುವ ಹಾಗೆ ತಮ್ಮ ಕುರ್ಚಿಯಲ್ಲಿ ದೊಪ್ಪನೆ ಕೂತರು. ಗಂಟಲಣ್ಣನವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಆಮೇಲೆ ಗ್ಯಾಲರಿಯಿಂದ ಒಬ್ಬರ ನಗು ಶುರುವಾಗಿ, ಸದನದ ಎರಡೂ ಕಡೆಗೆ ಹರಡಿತು. ಆ ನಗು ಯಾರದ್ದೆಂದು ಅವಳಿಗೆ ನೋಡದೆಯೇ ಗೊತ್ತಾಯಿತು.

ಮಂತ್ರಿಗಳು ಸಾವರಿಸಿಕೊಂಡು ಏಳಲು ಹೋದರು. ಸಭಾಧ್ಯಕ್ಷರು ಕೈ ಎತ್ತಿ ತಡೆದರು. ಅವರಿಗೂ ನಗು ಬಂದಿತ್ತು, ಆದರೆ ಅವರ ನಗು ಮೀಸೆಯೊಳಗೇ ಇರುವಂಥದ್ದು. "ಮಂತ್ರಿಗಳು ಕೂತಿದ್ದಾರೆ. ಕೂತರೆ ಉತ್ತರ ಮುಗಿಯಿತು ಎಂದೇ ಸದನದ ಸಂಪ್ರದಾಯ. ಸದಸ್ಯರು ನಿಂತಿದ್ದಾರೆ. ಉಪಪ್ರಶ್ನೆ ಕೇಳಬಹುದು. ಮತ್ತು ಸದಸ್ಯರು ಇನ್ನುಮುಂದೆ ಇಲ್ಲಿ ಅಂಥ ಪದ ಬಳಸಬಾರದು."

"ತಪ್ಪಾಯ್ತು ಸ್ವಾಮಿ, ಬಾಯಿ ಅಭ್ಯಾಸ," ಎಂದಳು ಅವಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಆದರೂ ಕೇಳಬೇಕಾದದ್ದು ಮರೆತಿರಲಿಲ್ಲ. "ನಂದು ಒಂದೇ ಮಾತು. ಹಳೇ ಬಸ್‌ಸ್ಟ್ಯಾಂಡ್ ಜಾಗಾನ ಆ ಕಂಪನಿಗೆ ಕೊಟ್ಟಾಯ್ತಾ, ಇನ್ನೂ ಕೊಟ್ಟಿಲ್ವಾ? ಕೊಟ್ಟಿದ್ರೆ ಕೊಟ್ಟಿದೀವಿ ಅನ್ನಿ. ಇಲ್ಲಾಂದ್ರೆ ಇಲ್ಲ ಅನ್ನಿ."

ಮಂತ್ರಿಗಳ ಬಾಯಲ್ಲಿ ಬಿಸಿ ತುಪ್ಪ. ಕೊಟ್ಟಾಯಿತು ಎಂದರೆ ಸದನಕ್ಕೆ ಹೇಳದೆ ಸರ್ಕಾರದ ಆಸ್ತಿ ಕೊಟ್ಟದ್ದು ಹೇಗೆ ಎಂದು ಗಂಟಲಣ್ಣ ಸೂರು ಹಾರಿಸುತ್ತಾರೆ. ಹಿಂದಿನ ಸಾಲಿನ ಅಧಿಕಾರಿ ಬಗ್ಗಿ, ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ ಎಂದು ಕಿವಿಯಲ್ಲಿ ಹೇಳಿದ. ಮಂತ್ರಿಗಳ ಮುಖ ಅರಳಿತು. ಎದ್ದು ಎದೆಯುಬ್ಬಿಸಿ, "ಇಲ್ಲ. ಆ ನಿಲ್ದಾಣದ ಒಂದು ಇಂಚು ಜಾಗವನ್ನೂ ನಮ್ಮ ಸರ್ಕಾರ ಇವತ್ತಿನವರೆಗೆ ಯಾರಿಗೂ ಕೊಟ್ಟಿಲ್ಲ. ಇದನ್ನು ಈ ಪವಿತ್ರ ಸದನದಲ್ಲಿ ಸ್ಪಷ್ಟಪಡಿಸುತ್ತೇನೆ," ಎಂದರು.

"ಸುಳ್ಳು, ಸುಳ್ಳು!" ಎಂದು ಗಂಟಲಣ್ಣ ಶುರು ಮಾಡಿದರು. "ಅಕ್ಕಾ, ಬಿಡಬೇಡಿ, ಬೇಲಿ ಹಾಕಿರೋದು ಹೇಳಿ!"

ಅವಳು ಕೈ ಮುಗಿದಳು. "ಮಂತ್ರಿಗಳು ಇಷ್ಟು ದೊಡ್ಡ ಮಾತು ಹೇಳಿದ ಮೇಲೆ ನಾನು ನಂಬ್ತೀನಿ ಸ್ವಾಮಿ," ಎಂದು ಹೇಳಿ ಕೂತುಬಿಟ್ಟಳು.

ವಿರೋಧ ಪಕ್ಷದವರಿಗೆ ತುತ್ತು ಬಾಯಿಗೆ ಬಂದು ಜಾರಿಹೋದ ಹಾಗಾಯಿತು. ಸಚೇತಕರು ಹೊರಗೆ ಸಿಕ್ಕಾಗ ಎರಡೂ ಕೈ ಹಿಡಿದುಕೊಂಡು, "ಎಷ್ಟು ಚೆನ್ನಾಗಿ ಮುಗಿಸಿದ್ರಿ ಅಕ್ಕಾ, ಭೇಷ್," ಎಂದರು.

"ಮುಗಿಸಿದ್ನಾ ಸಾರ್?" ಎಂದಳು ಅವಳು. "ನನಗೆ ಸ್ವಲ್ಪ ಕೆಲಸ ಇದೆ. ಬಸ್ಸಿಗೆ ಹೊತ್ತಾಯ್ತು."

ಸದನದ ಮುಂದಿನ ತಂಗುದಾಣದಿಂದ ಅವಳೂ ಗಂಡನೂ ಬಸ್ಸು ಹತ್ತಿದರು. ಹಳೇ ನಿಲ್ದಾಣದ ಎದುರು ಅದು ನಡುರಸ್ತೆಯಲ್ಲೇ ನಿಂತಿತು. ಅವಳು ಇಳಿದು ಸೀದಾ ಕಂಟ್ರೋಲರ್ ಕೋಣೆಗೆ ಹೋದಳು. ಕಂಟ್ರೋಲರ್ ಎಂದರೆ ನಿಲ್ದಾಣಕ್ಕೆ ಬಂದು ಹೋಗುವ ಬಸ್ಸುಗಳ ಯಜಮಾನ. ಹಳೆಯ ಪರಿಚಯದ ಮನುಷ್ಯ, ಒಳ್ಳೆಯವನೇ, ಆದರೆ ನೆರಳಿಗೂ ಸಲಾಮು ಹೊಡೆಯುವ ಪುಕ್ಕಲ.

"ಸರ್ಕಾರ ಈ ಜಾಗಾನ ಯಾರಿಗೂ ಕೊಟ್ಟಿಲ್ಲವಂತೆ," ಎಂದಳು. "ಮಂತ್ರಿಗಳು ಈಗ ತಾನೇ ಸದನದಲ್ಲಿ ಹೇಳಿದ್ರು. ಹಾಗಾದ್ರೆ ಈ ತಗಡು ಯಾರದು?"

"ಅಕ್ಕಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಬರವಣಿಗೇಲಿ ಆದೇಶ ಬರಲಿ."

"ತಳ್ಳುಗಾಡಿಯೋರನ್ನ ಎಬ್ಬಿಸೋವಾಗ ಯಾವ ಆದೇಶ ನೋಡ್ತೀಯ?"

"ಅದಕ್ಕೆ ಬೇಡ. ನಿಲ್ದಾಣದ ಜಾಗದಲ್ಲಿ ಅಪ್ಪಣೆ ಇಲ್ಲದೆ ಯಾರು ಏನಿಟ್ರೂ ತೆಗೆದು ಪಕ್ಕಕ್ಕಿಡಬಹುದು."

"ಇದೂ ಅಪ್ಪಣೆ ಇಲ್ಲದ್ದೇ ಕಣಪ್ಪ. ತಳ್ಳುಗಾಡಿಗಿಂತ ಸ್ವಲ್ಪ ಉದ್ದ, ಅಷ್ಟೇ."

ಕಂಟ್ರೋಲರ್ ತಲೆ ಕೆರೆದುಕೊಂಡ. ಕಿಟಕಿಯಿಂದ ಬೇಲಿ ನೋಡಿದ, ಅವಳನ್ನು ನೋಡಿದ, ಬಾಗಿಲ ಹೊರಗೆ ಆಗಲೇ ಸೇರಿದ್ದ ಡ್ರೈವರುಗಳನ್ನು ನೋಡಿದ. "ಮಂತ್ರಿಗಳು ನಿಜವಾಗ್ಲೂ ಹಾಗಂದ್ರಾ?"

"ಒಂದು ಇಂಚು ಅಂದ್ರು. ಎದೆಯುಬ್ಬಿಸಿ ಅಂದ್ರು."

ಕಂಟ್ರೋಲರ್ ಕೊನೆಗೂ ಹ್ಞೂಂ ಎಂದ. ಗಂಡನ ಹಳೇ ಸ್ನೇಹಿತರು ಡಿಪೋದಿಂದ ಬೋಲ್ಟು ಬಿಚ್ಚುವ ಪಾನಾ ಹಿಡಿದು ಬಂದರು. ಕಾವಲುಗಾರ ಮೊದಲು ಕೋಲು ಅಡ್ಡ ಹಿಡಿದ. "ಮೇಲಿನೋರಿಗೆ ಏನು ಹೇಳಲಿ?" ಎಂದು ಕೇಳಿದ. "ಅವರಿಗಿಂತ ಮೇಲಿನೋರು ಹೇಳಿದ್ರು ಅನ್ನು," ಎಂದಳು. ಅವನಿಗೂ ಅದು ಸರಿ ಅನ್ನಿಸಿರಬೇಕು. ಕೋಲು ಗೋಡೆಗೆ ಒರಗಿಸಿ, ಮೊದಲ ಬೋಲ್ಟು ಎಲ್ಲಿದೆ ಎಂದು ಅವನೇ ತೋರಿಸಿದ. ಆಸ್ಪತ್ರೆಯ ನರ್ಸುಗಳ ಪಾಳಿ ಬದಲಾಗುವ ಹೊತ್ತು. ಬಸ್ಸಿಗೆ ಕಾಯುತ್ತಿದ್ದವರು ಕೈಚೀಲಗಳನ್ನು ಒಂದೆಡೆ ರಾಶಿ ಹಾಕಿ, ಬಿಚ್ಚಿದ ತಗಡುಗಳನ್ನು ಇಬ್ಬಿಬ್ಬರಾಗಿ ಹಿಡಿದು ಸಾಗಿಸಿದರು. ಧೂಳಿನಲ್ಲಿ ಎಲ್ಲರ ಮುಖವೂ ಒಂದೇ ಬಣ್ಣಕ್ಕೆ ತಿರುಗಿತು.

ಅವಳ ಫೋನು ಹಾಡತೊಡಗಿತು. ಸಚೇತಕರು.

"ಅಕ್ಕಾ, ಏನು ಮಾಡ್ತಿದೀರಿ ಅಲ್ಲಿ? ಕಂಪನಿಯೋರು ಬೊಬ್ಬೆ ಹೊಡೀತಿದಾರೆ."

"ಯಾವ ಕಂಪನಿಯೋರು ಸಾರ್? ಜಾಗ ಯಾರಿಗೂ ಕೊಟ್ಟಿಲ್ವಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಂತ್ರಿಗಳ ಮಾತು ಆಗಲೇ ಸದನದ ಕಡತ ಸೇರಿತ್ತು.

"ಈಗಿಂದೀಗಲೇ ನಿಲ್ಲಿಸಿ. ಇಲ್ಲಾಂದ್ರೆ ಪಕ್ಷದಿಂದ ತೆಗೀತೀವಿ. ಇದು ಹೆದರಿಸೋದೇ ಅಂದ್ಕೊಳ್ಳಿ."

"ತೆಗೀರಿ ಸಾರ್. ಯಾಕೆ ತೆಗೆದ್ರಿ ಅಂತ ಜನ ಕೇಳಿದ್ರೆ, ನಮ್ಮ ಮಂತ್ರಿಗಳ ಮಾತನ್ನ ಅವಳೊಬ್ಬಳು ನಂಬಿಬಿಟ್ಟಳು, ಅದಕ್ಕೆ ಅಂತ ಹೇಳಿ."

ಅವಳು ಫೋನು ಸೆರಗಿನಲ್ಲಿ ಒರೆಸಿ ಒಳಗಿಟ್ಟಳು. ಹತ್ತಿರದ ತಗಡಿನ ತುದಿ ಹಿಡಿದು ತಾನೂ ಎತ್ತಿದಳು. ಸಂಜೆಯೊಳಗೆ ಬಸ್ಸುಗಳು ಒಳಗೆ ಬಂದು, ತಮ್ಮ ತಮ್ಮ ಹಳೆಯ ಜಾಗ ಹುಡುಕಿಕೊಂಡು ನಿಂತವು.

ಪಕ್ಷ ಅವಳನ್ನು ಆ ವಾರವೇ ಹೊರಗೆ ಹಾಕಿತು. ಕಾರಣವೇನೆಂದು ಯಾರೂ ಹೇಳಲಿಲ್ಲ. ಸದನದಲ್ಲಿ ಅವಳ ಜಾಗ ಎರಡೂ ಕಡೆಯವರಿಗೆ ಸೇರದ ಮೂಲೆಯ ಕುರ್ಚಿಗೆ ಬಂತು. ಮುಂದಿನ ಚುನಾವಣೆಗೆ ಅವಳ ಕ್ಷೇತ್ರದಲ್ಲಿ ಮಂತ್ರಿಗಳ ಅಳಿಯ ನಿಲ್ಲುತ್ತಾನೆ ಎಂದು ಸುದ್ದಿ ಹಬ್ಬಿತು. ನಿಲ್ಲಲಿ, ನಾನೂ ನಿಲ್ಲುತ್ತೇನೆ ಎಂದಳು ಅವಳು.

ಬಿಚ್ಚಿದ ತಗಡುಗಳು ಮಾತ್ರ ನಿಲ್ದಾಣದ ಗೋಡೆಗೆ ಒರಗಿ ನಿಂತೇ ಇದ್ದವು. ಅವು ನಮ್ಮವು ಎಂದು ಯಾರೂ ಬರಲಿಲ್ಲ. ಬಂದರೆ, ಕೊಡದ ಜಾಗದಲ್ಲಿ ಬೇಲಿ ಯಾಕೆ ಹಾಕಿದಿರಿ ಎಂಬ ಮಾತು ಏಳುತ್ತಿತ್ತು.

ಒಂದು ಬೆಳಿಗ್ಗೆ ಅವಳು ಬಸ್ಸಿಳಿದಾಗ ತಮ್ಮ ತನ್ನ ಟೀ ಅಂಗಡಿಯ ಮಾಡಿನ ಮೇಲೆ ಹತ್ತಿದ್ದ. ಅಕ್ಕನನ್ನು ನೋಡಿಯೂ ನೋಡದವನ ಹಾಗೆ ಮೊಳೆ ಹೊಡೆಯುತ್ತಿದ್ದ. ಮಾಡಿಗೆ ಹೊದಿಸುತ್ತಿದ್ದದ್ದು ಅದೇ ತಗಡು.

"ಗಟ್ಟಿಯಾಗಿದೆಯೇನೋ?" ಎಂದು ಕೇಳಿದಳು.

ಅವನು ಬಾಯಲ್ಲಿದ್ದ ಮೊಳೆ ತೆಗೆದ. "ಹ್ಞೂಂ. ಒಳ್ಳೇ ಮಾಲೇ ಹಾಕಿದ್ರು." ಸುತ್ತ ಒಮ್ಮೆ ನೋಡಿ, "ಯಾರಾದ್ರೂ ಬಂದು ಕೇಳಿದ್ರೆ ಏನು ಹೇಳಲಿ?" ಎಂದ.

"ಬರಲಿ. ಬಂದ್ರೆ ಕೂರಿಸಿ ಒಂದು ಟೀ ಕೊಟ್ಟು, ನನಗೆ ಹೇಳಿ ಕಳಿಸು. ನನ್ನ ಹತ್ತಿರ ಇನ್ನೊಂದು ಪ್ರಶ್ನೆ ಇದೆ."